ಕೂಲರ್ ಸ್ಟ್ಯಾಂಡಿನ ಮೇಲೆ ಡಗ್ಗಾ

ರಾಯಚೂರಿನ ಬಿಸಿಲನ್ನು ಬೈಯದವರಿಲ್ಲ. ಆದರೆ ಅದನ್ನು ಹೊಗಳುವ ಸಣ್ಣ ಪಂಗಡವೊಂದಿದೆ: ತೊಗಲಿನ ವಾದ್ಯ ಇಟ್ಟುಕೊಂಡವರು. ಬೇರೆ ಕಡೆ ಹಲಗೆ ಕಾಯಿಸಲು ಕಸಕಡ್ಡಿ ಕೂಡಿಸಿ ಬೆಂಕಿ ಹಾಕಬೇಕು. ಇಲ್ಲಿ ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲಿಟ್ಟು, ಕೆಳಗಿಳಿದು ಒಂದು ಲೋಟ ಮಜ್ಜಿಗೆ ಕುಡಿದು ಬಂದರೆ ಸಾಕು. ಪಸೆ ಆರಿ, ತೊಗಲು ಬಿಗಿದು, ಬೆರಳು ತಾಕಿದರೆ ಠಣ್ ಅನ್ನುತ್ತದೆ. ಎರಡನೇ ಲೋಟಕ್ಕೆ ಆಸೆಪಟ್ಟಿರೋ, ತೊಗಲು ಹರಿಯುವ ಸಂಭವವೂ ಇದೆ.

ನಮ್ಮ ಓಣಿಯ ಭಜನೆಯಲ್ಲಿ ಹಾಡುವವರಿಗೆ ಬರಗಾಲವಿಲ್ಲ. ಬಾರಿಸುವವರದೇ ಕೊರತೆ. ತಬಲಾ ಹುಡುಗ ಕೆಲಸ ಹುಡುಕಿ ಬೆಂಗಳೂರಿಗೆ ಹೋದ. ದಮ್ಮಡಿಯವರಿಗೆ ಮೊಣಕಾಲು ನೋವು. ತಾಳದವರ ಒಂದು ಕೈಯಲ್ಲಿ ಸದಾ ಫೋನು. ಹೀಗಾಗಿ ಎಲ್ಲವನ್ನೂ ಒಬ್ಬನೇ ಕೂತು ಬಾರಿಸುವಂಥ ಸೆಟ್ಟೊಂದನ್ನು ಕಟ್ಟಿಸಬೇಕೆಂದು ಹೊರಟೆ. ಬಲಕ್ಕೆ ತಬಲಾ, ಎಡಕ್ಕೆ ಡಗ್ಗಾ, ಎದೆಯ ಮಟ್ಟಕ್ಕೆ ದಮ್ಮಡಿ, ಕಾಲಿಗೆ ಗೆಜ್ಜೆ. ನಕ್ಷೆ ತೆಗೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದರೆ ಅಲ್ಲಿನವರು ಅದನ್ನು ತಲೆಕೆಳಗು ಹಿಡಿದು ನೋಡಿದರು.

“ಎಷ್ಟು ಲೀಟರಿನ ಕೂಲರ್ ರೀ ಮಾಸ್ತರ?”

“ಕೂಲರ್ ಅಲ್ಲಪಾ, ಡಗ್ಗಾ.”

“ಹಂಗಾರ ನೀರಿನ ಪೈಪಿಗೆ ಜಾಗ ಬ್ಯಾಡೇನು?”

ಕಡೆಗೆ ಬಂದದ್ದು ಕೂಲರ್ ಸ್ಟ್ಯಾಂಡೇ. ಚಕ್ರವನ್ನೂ ಹಾಕಿಕೊಟ್ಟಿದ್ದರು. ಭಜನೆ ರಂಗೇರಿದಾಗ ಸೆಟ್ಟು ತಾನಾಗಿ ದೇವರ ಕಡೆ ಸರಿಯುತ್ತದೆ.

ಇದೇನೋ ಹೊಸ ಶೋಧವೆಂದು ಬೀಗುವ ಹಾಗಿಲ್ಲ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗದ ಕಡೆ ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಎಲ್ಲರೂ ನಮ್ಮ ಜಿಲ್ಲೆಯವರೇ, ಹದಿನೆಂಟನೇ ಶತಮಾನದವರು. ದಾಸರೆಂದರೆ ನಮ್ಮ ಕಣ್ಣಿಗೆ ಕಟ್ಟುವ ರೂಪ ಯಾವುದು? ಹೆಗಲಿಗೆ ತಂಬೂರಿ, ಕೈಗೆ ಚಿಟಿಕೆ, ಕಾಲಿಗೆ ಗೆಜ್ಜೆ. ಶ್ರುತಿ, ತಾಳ, ಲಯ ಒಂದೇ ಮೈಯಲ್ಲಿ. ಅದಕ್ಕೆ ಸ್ಟ್ಯಾಂಡು ಬೇಕಿರಲಿಲ್ಲ, ಟೆಂಪೋ ಬಾಡಿಗೆಯೂ ಇರಲಿಲ್ಲ.

ಕೂರಲು ಕುರ್ಚಿಯ ಬದಲು ತೆಳು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿದೆ. ಪೆರು ದೇಶದಲ್ಲಿ ಆಫ್ರಿಕಾ ಮೂಲದ ಗುಲಾಮರು ಸರಕಿನ ಪೆಟ್ಟಿಗೆಗಳನ್ನೇ ಬಡಿದು ವಾದ್ಯ ಮಾಡಿಕೊಂಡರು. ಅದಕ್ಕೆ ಕಹೋನ್ ಎಂದು ಹೆಸರು. ಹಿಂದೆ ಒಂದು ತೂತು, ಮುಂದೆ ತೆಳು ಹಲಗೆ, ಮೇಲೆ ಕೂತು ಕಾಲ ಸಂದಿಯಲ್ಲಿ ಬಾರಿಸುವುದು. ನಮ್ಮ ಮನೆಯಲ್ಲಿ ಅದರ ತೂತಿನೊಳಗೆ ಈಗ ಈರುಳ್ಳಿ ಇಡುತ್ತಾರೆ. ದನಿ ಸ್ವಲ್ಪ ಮಂದವಾಗಿದೆ.

ದಮ್ಮಡಿ ಹುಡುಕಿಕೊಂಡು ದೇವದುರ್ಗದ ಕಡೆಯ ಹಳ್ಳಿಯೊಂದಕ್ಕೆ ಹೋದವನು ಹಲಗೆಗೂ ಮನಸೋತೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರೆನ್ನದೆ ಹೆಜ್ಜೆ ಹಾಕುವುದು ಹಲಗೆಯ ಪೆಟ್ಟಿಗೇ. ತೊಗಲು ಬಿಗಿಯುತ್ತಿದ್ದ ಅಜ್ಜ ಕೇಳಿದರು: “ತಬಲಾ ಗಾದಿ ಮ್ಯಾಲ ಕುಂದರ್ತದ, ಹಲಗಿ ಗುಡಿ ಹೊರಗ ನಿಂದರ್ತದ. ತೊಗಲು ಎರಡಕ್ಕೂ ಆಡಿಂದ ಅಲ್ಲೇನ್ರಿ ಮಾಸ್ತರ?” ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸಿ ರೂಢಿಯಾದವನಿಗೆ ಉತ್ತರ ಹೊಳೆಯಲಿಲ್ಲ. ಹಲಗೆಯನ್ನೂ ಕೊಂಡು ತಂದು ಸ್ಟ್ಯಾಂಡಿನ ನಟ್ಟನಡುವೆ ಕಟ್ಟಿದೆ. ಶನಿವಾರ ಭಜನೆಯ ಹಿರಿಯರೊಬ್ಬರು ಅದನ್ನು ಮುಟ್ಟಿ ನೋಡಿ, “ಇದು ಯಾವ ಇಂಗ್ಲಿಷ್ ವಾದ್ಯ ರೀ?” ಅಂದರು. ಹಲಗಿ ಅಂದೆ. ಅವರು ನಕ್ಕರು, ನಂಬಲಿಲ್ಲ.

ತಬಲಾದ ಗತ್ತಿಗೆ ಕಾರಣ ಬೇರೆಯೇ ಇದೆ, ಅದನ್ನೂ ಹೇಳಬೇಕು. ನಡುವಿನ ಕರಿ ಶಾಯಿ, ಅಂದರೆ ಕಬ್ಬಿಣದ ಪುಡಿ ಸೇರಿದ ಅಂಟನ್ನು ಪದರ ಪದರವಾಗಿ ಮೆತ್ತಿ ಉಜ್ಜಿದ್ದು, ತೊಗಲಿನ ನಡುಭಾಗವನ್ನು ಭಾರ ಮಾಡುತ್ತದೆ. ಬರಿ ತೊಗಲಿನಿಂದ ಎದ್ದ ದನಿಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಭಾರ ಬಿದ್ದರೆ ತಂತಿಯ ದನಿಗಳಂತೆ ಲೆಕ್ಕಕ್ಕೆ ಕೂರುತ್ತವೆ. ಸರ್ ಸಿ.ವಿ. ರಾಮನ್ ಇದನ್ನು 1920ರಲ್ಲೇ ಬರೆದಿದ್ದರು. ಮುಂದೆ 1930ರ ದಶಕದಲ್ಲಿ ತೊಗಲಿನ ಮೇಲೆ ಮರಳು ಉದುರಿಸಿ, ಅದು ಮೂಡಿಸುವ ಚಿತ್ತಾರ ನೋಡಿ ವಿವರಿಸಿದರು. ನಾನೂ ಮರಳು ಉದುರಿಸಿದೆ. ಚಿತ್ತಾರ ಮೂಡಿತು, ಕಸ ಗುಡಿಸುವ ಕೆಲಸವೂ ನನಗೇ ಬಂತು.

ಮಳೆಗಾಲದಲ್ಲಿ ಮಾತ್ರ ಸೆಟ್ಟಿನ ಪ್ರತಿ ವಾದ್ಯವೂ ತನ್ನದೇ ಶ್ರುತಿಗೆ ಇಳಿಯುತ್ತದೆ. ಡಗ್ಗಾ ಗೊಣಗುತ್ತದೆ, ದಮ್ಮಡಿ ಮುನಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ತೊಗಲು ಹಾಕಿಸಿಕೊಳ್ಳಿ, ಮಳೆ ಬಿಸಿಲು ಎರಡಕ್ಕೂ ಜಗ್ಗದು ಎಂದು ಹೇಳುವವರಿದ್ದಾರೆ. ಹಾಕಿಸಿದ್ದನ್ನು ಕೇಳಿದ್ದೇನೆ. ಬಕೆಟ್ಟು ಬಡಿದ ಹಾಗಿರುತ್ತದೆ. ಬಕೆಟ್ಟಾದರೆ ನೀರಾದರೂ ಹಿಡಿಯುತ್ತದೆ.

ಇನ್ನೊಂದು ಮಾತು. ಒಬ್ಬನೇ ಇಷ್ಟೆಲ್ಲ ಬಾರಿಸುವುದು ಅನಿವಾರ್ಯಕ್ಕೆ, ಸಂತೋಷಕ್ಕಲ್ಲ. ತಬಲಾ ಕೈಹಿಡಿದ ಹುಡುಗ ಹುಡುಗಿಯರು ನಿಮ್ಮ ಕಡೆ ಇದ್ದರೆ ಶನಿವಾರ ಸಂಜೆ ಕಳಿಸಿಕೊಡಿ. ಸ್ಟ್ಯಾಂಡನ್ನು ಬೇಸಿಗೆಗೆ ಕೂಲರಿಗೇ ಬಿಟ್ಟುಕೊಡಲು ನಾನು ತಯಾರಿದ್ದೇನೆ.