ವಿಷಾದಪತ್ರಕ್ಕೊಂದು ಭಾಷ್ಯ

ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯಲು ಆಚಾರ್ಯರೇ ಬೇಕಾಯಿತು. ಲೇಖಕರ ಕೃತಿಗಳನ್ನು ಪ್ರಕಾಶಕರಿಗೆ ಮಾರಿಕೊಡುವ ಲಂಡನ್, ನ್ಯೂಯಾರ್ಕಿನ ಲಿಟರರಿ ಏಜೆಂಟರು, ಕೃತಿ ಬೇಡವೆಂದು ಕಳಿಸುವ ಮೂರು ಸಾಲಿನ ವಿಷಾದಪತ್ರಕ್ಕೆ ಅಂಥ ಅರ್ಹತೆಯೇನೂ ಬೇಡ. ಅದು ಯಾರ ಕೈಸೇರಿತೋ ಅವನೇ ಭಾಷ್ಯಕಾರ. 'ಬರವಣಿಗೆ ಚೆನ್ನಾಗಿದೆ, ಆದರೆ ನಮ್ಮ ಪಟ್ಟಿಗೆ ಹೊಂದುವುದಿಲ್ಲ' ಎಂದು ಬಂದರೆ, 'ಚೆನ್ನಾಗಿದೆ' ಎಂಬಲ್ಲಿ ಅರ್ಧ ದಿನ ಹಿಗ್ಗಿ, 'ಆದರೆ' ಎಂಬಲ್ಲಿ ವಾರಗಟ್ಟಲೆ ಕುಗ್ಗಿ, ಕೊನೆಗೆ ಮೂರನೆಯ ಅಧ್ಯಾಯದ ಅಜ್ಜಿಯನ್ನು ಸಾಯಿಸಬೇಕೋ ಬದುಕಿಸಬೇಕೋ ಎಂಬ ತೀರ್ಮಾನಕ್ಕೆ ಲೇಖಕ ಬರುತ್ತಾನೆ. ಅಜ್ಜಿ ಇದ್ದಾಳೆಂಬುದೇ ಏಜೆಂಟನಿಗೆ ಗೊತ್ತಿರುವುದಿಲ್ಲ. ಅವನು ಓದಿದ್ದು ಕೃತಿಯನ್ನು ಪರಿಚಯಿಸುವ ಒಂದು ಪುಟದ ಕ್ವೆರಿ ಪತ್ರ, ಹೆಚ್ಚೆಂದರೆ ಕಾದಂಬರಿಯ ಮೊದಲ ಕೆಲವು ಪುಟ. ಆದ್ದರಿಂದ ನನ್ನ ವಾದ ಇಷ್ಟೇ: ಆ ಪತ್ರದಲ್ಲಿ ವಿಮರ್ಶೆಯನ್ನು ಹುಡುಕಬೇಡಿ, ಅಲ್ಲಿರುವುದು ಬರೀ ಲೆಕ್ಕ.

ಆ ಲೆಕ್ಕ ಹಳೆಯದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನಲ್ಲಿ ಎ.ಪಿ. ವಾಟ್ ಎಂಬಾತ ಈ ಕಸುಬಿಗೆ ಇಳಿದಾಗ ದಲ್ಲಾಳಿ ಹಣ ಶೇ. 10 ಇತ್ತು, ಈಗ ಸಾಮಾನ್ಯವಾಗಿ ಶೇ. 15. ಅದೂ ಪುಸ್ತಕ ಪ್ರಕಾಶಕರಿಗೆ ಮಾರಾಟವಾದರೆ ಮಾತ್ರ. ಕ್ವೆರಿ ಓದಿದ್ದಕ್ಕೆ ಬಿಡಿಗಾಸೂ ಇಲ್ಲ. ಹೊಸ ಲೇಖಕನಿಗೆ 5,000 ಪೌಂಡ್ ಮುಂಗಡ ದೊರೆತರೆ ಏಜೆಂಟನ ಪಾಲಿಗೆ 750. ಅಷ್ಟಕ್ಕೆ ಅವನು ಹಸ್ತಪ್ರತಿ ತಿದ್ದಿಸಬೇಕು, ಸಂಪಾದಕರ ಬಾಗಿಲು ಬಡಿಯಬೇಕು, ಲೇಖಕನ ಕಣ್ಣೀರನ್ನೂ ಒರೆಸಬೇಕು. ಹಾಗಾಗಿ ಅವನ ಪ್ರಶ್ನೆ 'ಇದು ಒಳ್ಳೆಯ ಕೃತಿಯೇ?' ಎಂಬುದಲ್ಲ, 'ಇದನ್ನು ನಾನು ಯಾರಿಗೆ ಮಾರಲಿ?' ಎಂಬುದು. ಉತ್ತರ ಹೊಳೆಯದಿದ್ದರೆ, ತನಗೆ ಆ ಕೃತಿಯ ಮೇಲೆ ಪ್ರೀತಿ ಹುಟ್ಟಲಿಲ್ಲವೆಂದು ಬರೆಯುತ್ತಾನೆ. ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಎದ್ದ ಗಂಡಿನ ಕಡೆಯವರು ಜಾತಕದ ಮೇಲೆ ಭಾರ ಹಾಕುವುದಿಲ್ಲವೇ, ಹಾಗೆ. ಅದನ್ನು ನಂಬಿ ಯಾರೂ ಮಗಳ ನಕ್ಷತ್ರ ತಿದ್ದಲು ಹೋಗುವುದಿಲ್ಲ.

ಅರವತ್ತು ಜನ ಬೇಡವೆಂದರೆ ಕೃತಿಯಲ್ಲೇ ಐಬಿರಬೇಕಲ್ಲವೇ ಎಂದು ಕೇಳಬಹುದು. ಇರಬಹುದು, ಬಹಳ ಸಲ ಇರುತ್ತದೆ ಕೂಡ. ಕ್ಯಾಥರಿನ್ ಸ್ಟಾಕೆಟ್ ಅವರ 'ದಿ ಹೆಲ್ಪ್' 60 ಏಜೆಂಟರಿಂದ ತಿರಸ್ಕೃತವಾಗಿ 61ನೆಯವರಿಗೆ ಒಪ್ಪಿಗೆಯಾಯಿತೆಂಬ ಕಥೆಯನ್ನು ಧೈರ್ಯ ತುಂಬಲು ಹೇಳುವುದುಂಟು. ಅದು ಗೆದ್ದವರ ಕಥೆ. 61ನೆಯವರೂ ಬೇಡವೆಂದ ಲೇಖಕರ ಸಂದರ್ಶನವನ್ನು ಯಾವ ಪತ್ರಿಕೆಯೂ ಮಾಡುವುದಿಲ್ಲ. ಆದರೆ ಐಬು ಇದೆಯೋ ಇಲ್ಲವೋ ಎಂಬುದು ಪತ್ರದಿಂದ ತಿಳಿಯದು ಎನ್ನುವುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿಯಿದೆ. ಅಮೆರಿಕದ ಲೇಖಕಿ ಕ್ಯಾಥರಿನ್ ನಿಕೋಲ್ಸ್ 2015ರಲ್ಲಿ ಬರೆದಂತೆ, ಸ್ವಂತ ಹೆಸರಿನಲ್ಲಿ 50 ಕ್ವೆರಿ ಕಳಿಸಿದಾಗ ಹಸ್ತಪ್ರತಿ ಕೇಳಿದವರು ಇಬ್ಬರು. ಅದೇ ಕಾದಂಬರಿಯನ್ನು ಜಾರ್ಜ್ ಎಂಬ ಗಂಡು ಹೆಸರಿನಲ್ಲಿ 50 ಕಡೆ ಕಳಿಸಿದಾಗ 17 ಜನ ಕೇಳಿದರು. ಒಬ್ಬರ ಅನುಭವ ಪ್ರಯೋಗಶಾಲೆಯ ಪರೀಕ್ಷೆಯಲ್ಲ, ನಿಜ. ಆದರೂ ಜಾರ್ಜನಿಗೆ ಬಂದ ತಿರಸ್ಕಾರಗಳು ಸಹ ಹೆಚ್ಚು ಮರ್ಯಾದೆಯವಾಗಿದ್ದವಂತೆ. ಇಲ್ಲದ ಮನುಷ್ಯನಿಗೆ ಇಷ್ಟು ಗೌರವ!

ಹಾಗಿದ್ದರೆ ಏಜೆಂಟರು ಕಾರಣವನ್ನಾದರೂ ಬಿಡಿಸಿ ಹೇಳಲಿ ಎನ್ನುವವರಿದ್ದಾರೆ. ಇದು ಇನ್ನೂ ಅಪಾಯದ ಬೇಡಿಕೆ. 1944ರಲ್ಲಿ ಜಾರ್ಜ್ ಆರ್ವೆಲ್‌ಗೆ ಕಾರಣಸಹಿತ ತಿರಸ್ಕಾರ ಬಂತು, ಅದೂ ಫೇಬರ್ ಪ್ರಕಾಶನದಲ್ಲಿದ್ದ ಕವಿ ಟಿ.ಎಸ್. ಎಲಿಯಟ್‌ರಿಂದ. 'ಅನಿಮಲ್ ಫಾರ್ಮ್' ಕಾದಂಬರಿಯ ಬರವಣಿಗೆಯನ್ನು ಹೊಗಳಿದ ಎಲಿಯಟ್, ಅದರಲ್ಲಿನ ಹಂದಿಗಳೇ ಹೆಚ್ಚು ಬುದ್ಧಿವಂತ ಪ್ರಾಣಿಗಳಾದ್ದರಿಂದ ಆಳಲು ಅವೇ ತಕ್ಕವು, ಬೇಕಾದದ್ದು ಇನ್ನಷ್ಟು ಲೋಕಹಿತದ ಹಂದಿಗಳು ಎಂಬರ್ಥದ ಮಾತು ಬರೆದರು. ಆರ್ವೆಲ್ ವಿಧೇಯ ಶಿಷ್ಯನಾಗಿದ್ದರೆ ನಮಗೆ ಪರೋಪಕಾರಿ ಹಂದಿಗಳ ಆದರ್ಶ ಕಾದಂಬರಿ ಸಿಗುತ್ತಿತ್ತು. ಅವರು ತಿದ್ದಲು ಕೂರಲಿಲ್ಲ. ಮರುವರ್ಷ ಬೇರೆ ಪ್ರಕಾಶಕರು ಅದನ್ನು ಹೊರತಂದರು. ಎಲಿಯಟ್‌ರಂಥವರ ಕಾರಣವೇ ಹೀಗಿದ್ದರೆ, ಸಂಜೆ ಆರಕ್ಕೆ ಇನ್ನೂ ಮೂವತ್ತು ಪತ್ರ ಬಾಕಿಯಿರುವ ಏಜೆಂಟನಿಂದ ಕಾರಣ ಕೇಳುವುದು ಯಾರ ಹಿತಕ್ಕೆ?

ಕನ್ನಡದಲ್ಲಿ ಲೇಖಕ ಸಾಮಾನ್ಯವಾಗಿ ನೇರ ಪ್ರಕಾಶಕರ ಬಳಿಗೇ ಹೋಗುವುದರಿಂದ ಶೇ. 15 ಉಳಿಯುತ್ತದೆ, 'ನೋಡೋಣ' ಎಂಬ ಉತ್ತರವೂ ಬಾಯಿಮಾತಿನಲ್ಲೇ ಸಿಗುತ್ತದೆ. ಆದರೆ ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದ ಒಬ್ಬರು ಲಂಡನ್ ಪ್ರಕಾಶಕರ ತಿರಸ್ಕಾರಗಳನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಅಲ್ಲಿದ್ದ ಗೆಳೆಯ ಪೂರ್ಣನಿಗೆ ಬರೆದರು. ಪೂರ್ಣ ಮಾತು ಕೇಳಲಿಲ್ಲ, ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂತು. ಶೀರ್ಷಿಕೆಯಲ್ಲಿ ಸ್ವಾಮಿ ಉಳಿದ, ಆರ್.ಕೆ. ನಾರಾಯಣಸ್ವಾಮಿ ಎಂಬ ಲೇಖಕರ ಹೆಸರಿನಲ್ಲಿದ್ದ ಸ್ವಾಮಿ ಮಾತ್ರ, ಗ್ರೀನ್ ಸಲಹೆಯ ಮೇರೆಗೆ, ಅಚ್ಚಿಗೆ ಹೋಗುವ ಮೊದಲೇ ರಾಜೀನಾಮೆ ಕೊಟ್ಟ.