ಲಿನಕ್ಸ್ ಉಗ್ರಾಣಸೂತ್ರಕ್ಕೆ ಒಂದು ಲಘುಭಾಷ್ಯ

ಶಾಸ್ತ್ರಗ್ರಂಥಗಳು ‘ಅಥ’ ಎಂದು ಶುರುವಾಗುವುದು ವಾಡಿಕೆ. ಲಿನಕ್ಸ್ ಉಗ್ರಾಣಶಾಸ್ತ್ರದ ಮೂಲಸೂತ್ರ ‘ಡೆಬ್’ ಎಂದು ಶುರುವಾಗುತ್ತದೆ. ಆಮೇಲೆ ಒಂದು ಜಾಲವಿಳಾಸ, ಆಮೇಲೆ ಒಂದು ಹೆಸರು, ಕೊನೆಗೊಂದು ವಿಭಾಗ. ಒಟ್ಟು ನಾಲ್ಕೇ ಪದ: ಸಾಮಾನನ್ನು ಯಾವ ಉಗ್ರಾಣದಿಂದ ತರಬೇಕು ಎಂಬ ಅಪ್ಪಣೆ. ಕರ್ತೃ, ಕರ್ಮ, ಕ್ರಿಯಾಪದ ಯಾವುದೂ ಇಲ್ಲದ ಈ ಸೂತ್ರವನ್ನು ಡೆಬಿಯನ್ ಯಂತ್ರಗಳು ಕಾಲು ಶತಮಾನದಿಂದ, ಉಬುಂಟು ಯಂತ್ರಗಳು ಹುಟ್ಟಿದಂದಿನಿಂದ ನಿತ್ಯ ಪಾರಾಯಣ ಮಾಡುತ್ತಿವೆ. ಇತ್ತೀಚೆಗೆ ಇದನ್ನು ಪದ ಬಿಡಿಸಿ, ಒಂದೊಂದಕ್ಕೂ ಶೀರ್ಷಿಕೆ ಕೊಟ್ಟು ಬರೆಯುವ ಪದ್ಧತಿಯೂ ಬಂದಿದೆ. ಪ್ರತಿಪದಾರ್ಥವಿಲ್ಲದೆ ಓದಲಾರದ ಹೊಸ ತಲೆಮಾರಿಗೆ ಅದು ಅನುಕೂಲ.

ಉಗ್ರಾಣವೆಂದರೇನು? ತಂತ್ರಾಂಶದ ಪೊಟ್ಟಣಗಳನ್ನಿಟ್ಟು ಹಂಚುವ ಜಾಗ, ಐಟಿ ಮಂದಿ ‘ರೆಪೊ’ ಎನ್ನುವುದು ಇದನ್ನೇ. ಮದುವೆಮನೆಯ ಉಗ್ರಾಣ ಕಂಡವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಬಡಿಸುವವನು ಹೋಳಿಗೆ ಕೇಳಿದರೆ ಉಗ್ರಾಣಿ ತುಪ್ಪವನ್ನೂ ಜೊತೆಗೆ ಕಳಿಸುತ್ತಾನೆ. ಕೇಳದೆ ಬಂದ ಈ ತುಪ್ಪಕ್ಕೆ ಶಾಸ್ತ್ರದಲ್ಲಿ ‘ಡಿಪೆಂಡೆನ್ಸಿ’ ಎಂದು ಹೆಸರು. ಬಾಗಿಲಲ್ಲಿ ಸಾಮಾನಿನ ಪಟ್ಟಿ, ಪಟ್ಟಿಯ ಕೆಳಗೆ ಯಜಮಾನರ ರುಜು. ರುಜು ತಾಳೆಯಾಗದಿದ್ದರೆ ಒಂದು ಸಾಸಿವೆ ಕಾಳೂ ಹೊರಬರುವುದಿಲ್ಲ. ಇಷ್ಟರಮಟ್ಟಿಗೆ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಅದೇ ಉಗ್ರಾಣದಿಂದ ಎಂಟು ಮದುವೆಗೆ ಬಡಿಸಬೇಕಾದಾಗ, ಮತ್ತು ಎಂಟೂ ಕಡೆಯ ಬೀಗರು ‘ನಮ್ಮಲ್ಲಿ ಹೀಗೆ ಪದ್ಧತಿಯಿಲ್ಲ’ ಎಂದಾಗ.

ಮತಗಳು ಮುಖ್ಯವಾಗಿ ಎರಡು. ಡೆಬಿಯನ್, ಉಬುಂಟು, ಮಿಂಟ್ ಮನೆತನದವರು ಡೆಬ್ ಮತಸ್ಥರು. ರೆಡ್‌ಹ್ಯಾಟ್, ಫೆಡೋರಾ, ಸುಸೆ ಕಡೆಯವರು ಆರ್‌ಪಿಎಂ ಮತಸ್ಥರು. ಇವರ ಜಗಳ ತತ್ತ್ವದ್ದಕ್ಕಿಂತ ಹೆಚ್ಚಾಗಿ ನಾಮದ್ದು. ಡೆಬಿಯನ್‌ನಲ್ಲಿ ‘ಅಪಾಚೆ2’ ಎಂಬುದೇ ರೆಡ್‌ಹ್ಯಾಟ್, ಫೆಡೋರಾದಲ್ಲಿ ‘ಎಚ್‌ಟಿಟಿಪಿಡಿ’. ಡೆಬ್‌ನವರು ‘ಡೆವ್’ ಪ್ರತ್ಯಯ ಹಚ್ಚಿದರೆ ಆರ್‌ಪಿಎಂನವರು ‘ಡೆವೆಲ್’ ಹಚ್ಚುತ್ತಾರೆ. ಆರ್‌ಪಿಎಂನವರು ‘ಎಕ್ಸ್86_64’ ಎನ್ನುವ ಯಂತ್ರಕ್ಕೆ ಡೆಬ್ ಮತದಲ್ಲಿ ‘ಎಎಂಡಿ64’ ಎಂದು ಹೆಸರು. ದುಡ್ಡು ಕೊಟ್ಟು ಇಂಟೆಲ್ ಚಿಪ್ ತಂದವನ ಮನೆಯಲ್ಲೂ ಅದೇ ಹೆಸರು, ಏಕೆಂದರೆ ಆ ವಿನ್ಯಾಸವನ್ನು ಮೊದಲು ಮಾಡಿದವರು ಎಎಂಡಿಯವರು. ಕನ್ನಡವೂ ಈ ವಿವಾದದಿಂದ ಪಾರಾಗಿಲ್ಲ. ಪರದೆಯ ಮೇಲೆ ಕನ್ನಡ ಮೂಡಿಸುವ ಲೋಹಿತ್ ಅಕ್ಷರಗಳು ಡೆಬಿಯನ್‌ನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’. ಒತ್ತು ಅದೇ, ದೀರ್ಘ ಅದೇ. ಒಬ್ಬರಿಗೆ ಫಾಂಟು ಪೂರ್ವಪದ, ಇನ್ನೊಬ್ಬರಿಗೆ ಉತ್ತರಪದ. ಯಾವ ಜಾತಿಯ ಯಂತ್ರಕ್ಕೆ ಎಂದು ಕೇಳಿದರೆ ಮೊದಲನೆಯದು ‘ಆಲ್’ ಎನ್ನುತ್ತದೆ, ಎರಡನೆಯದು ‘ನೋಆರ್ಚ್’. ‘ಎಲ್ಲವೂ’ ಎಂಬುದಕ್ಕೂ ‘ಯಾವುದೂ ಅಲ್ಲ’ ಎಂಬುದಕ್ಕೂ ಇಲ್ಲಿ ಅರ್ಥ ಒಂದೇ. ವೇದಾಂತಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇನ್ನು ಗೋತ್ರಪ್ರಕರಣ. 1993ರಲ್ಲಿ ಇಯಾನ್ ಮರ್ಡಾಕ್ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಕೂಡಿಸಿ ‘ಡೆಬಿಯನ್’ ಎಂದರು. ಇದು ಲೋಪಸಂಧಿ, ಲೋಪ ಸ್ವಲ್ಪ ಹೆಚ್ಚಾಯಿತು, ಮತ್ತು ಲೋಪವಾದದ್ದೆಲ್ಲ ಡೆಬ್ರಾಳ ಪಾಲಿನದೇ ಎಂಬುದನ್ನು ವೈಯಾಕರಣರು ಗಮನಿಸಬೇಕು. ಬಿಡುಗಡೆಗಳಿಗೆ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರು. ಆ ಕಾಲದ ಮುಂದಾಳು ಬ್ರೂಸ್ ಪೆರೆನ್ಸ್ ಪಿಕ್ಸಾರ್‌ನಲ್ಲಿ ಕೆಲಸಕ್ಕಿದ್ದರು. 2023ರದು ಬುಕ್‌ವರ್ಮ್, 2025ರದು ಟ್ರಿಕ್ಸಿ. ಎಂದೆಂದಿಗೂ ಅಸ್ಥಿರವಾಗಿಯೇ ಉಳಿಯುವ ಶಾಖೆಗೆ ಬೊಂಬೆಗಳ ಕೈಕಾಲು ಮುರಿಯುವ ನೆರೆಮನೆಯ ಹುಡುಗ ಸಿಡ್‌ನ ಹೆಸರು. ಹೆಸರಿಗೂ ಗುಣಕ್ಕೂ ಇಷ್ಟು ಚೆನ್ನಾಗಿ ಹೊಂದಿದ ಉದಾಹರಣೆ ಈ ಶಾಸ್ತ್ರದಲ್ಲಿ ಮತ್ತೆ ಸಿಗುವುದು ಕಷ್ಟ.

‘ಹೆಸರು ಬಿಡಿ, ಸಂಖ್ಯೆಯನ್ನು ನಂಬೋಣ, ದೊಡ್ಡದು ಹೊಸದು, ಚಿಕ್ಕದು ಹಳೆಯದು’ ಎಂಬುದು ಪೂರ್ವಪಕ್ಷ. ಸಲ್ಲದು. ಓಪನ್‌ಸುಸೆ 13.2 ಆದ ಮೇಲೆ 2015ರಲ್ಲಿ 42.1ಕ್ಕೆ ಹಾರಿತು, 2018ರಲ್ಲಿ 15ಕ್ಕೆ ಇಳಿಯಿತು. ಡೆಬಿಯನ್‌ಗಂತೂ 1.0 ಎಂಬ ಬಿಡುಗಡೆಯೇ ಇಲ್ಲ: ಸಿಡಿ ಮಾರುವ ಕಂಪನಿಯೊಂದು ಅರೆಬೆಂದದ್ದಕ್ಕೇ ಆ ಸಂಖ್ಯೆ ಹಚ್ಚಿ ಮಾರಿದ್ದರಿಂದ, ಬೆಂದದ್ದಕ್ಕೆ 1.1 ಎಂದು ಹೆಸರಿಡಬೇಕಾಯಿತು. ಇವಕ್ಕೆಲ್ಲ ಕಿರೀಟವಿಟ್ಟಂತೆ ‘~’ ಎಂಬ ಬಳುಕುಗೆರೆ. ‘1.0~ಆರ್‌ಸಿ1’ ಎಂಬುದು ‘1.0’ಕ್ಕಿಂತ ಹಳೆಯದು, ಅಂದರೆ ಬಳುಕುಗೆರೆಯ ಬೆಲೆ ಅಲ್ಲಿ ಏನೂ ಇಲ್ಲದಿರುವುದಕ್ಕಿಂತಲೂ ಕಡಿಮೆ. ಶೂನ್ಯವಾದಿಗಳು ಶೂನ್ಯಕ್ಕೆ ಬಂದು ನಿಂತರು, ಡೆಬಿಯನ್‌ನವರು ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರು. ಈ ಒಂದು ವಿಷಯದಲ್ಲಿ ಆರ್‌ಪಿಎಂ ಮತದವರೂ ಆಮೇಲೆ ತಲೆಬಾಗಿದ್ದಾರೆ.

ಈಗ ಒಬ್ಬ ಬಡ ಕಂಪನಿಯವನನ್ನು ಊಹಿಸಿಕೊಳ್ಳಿ. ಅವನದು ಒಂದೇ ತಂತ್ರಾಂಶ. ಡೆಬಿಯನ್‌ನ ಮೂರು ಬಿಡುಗಡೆ, ಉಬುಂಟುವಿನ ಎರಡು, ರೆಡ್‌ಹ್ಯಾಟ್ ಕುಲದ ಮೂರು: ಎಂಟು. ಇಂಟೆಲ್ ಬಗೆ, ಆರ್ಮ್ ಬಗೆ ಎಂದು ಎರಡೆರಡು: 16. ಸ್ಥಿರ, ಬೀಟಾ, ರಾತ್ರಿಪಾಳಿ ಎಂದು ಮೂರು ಶಾಖೆ: 48. ಹಳೆಯ ಗಿರಾಕಿಗಳಿಗಾಗಿ ಹಿಂದಿನ ಆವೃತ್ತಿಯನ್ನೂ ಇಟ್ಟುಕೊಂಡರೆ 96. ಕಲೆಗಳು ಅರವತ್ನಾಲ್ಕಕ್ಕೇ ಮುಗಿದಿದ್ದವು.

ಈ 96 ಮನೆಗಳಿಗೆ ವಿಳಾಸ ಹೇಗೆ ಬರೆಯಬೇಕು ಎಂಬಲ್ಲಿ ಪಾಠಭೇದಗಳು ಹುಟ್ಟಿವೆ. ಮೂರನೆಯ ಪದ ಓಎಸ್ ಬಿಡುಗಡೆಯ ಹೆಸರು, ನಾಲ್ಕನೆಯದು ವಿಭಾಗ ಎಂಬುದು ಡೆಬಿಯನ್‌ನ ಮೂಲಪಾಠ. ಡಾಕರ್ ಪ್ರತಿಯಲ್ಲಿ ಮೂರನೆಯದು ‘ಬುಕ್‌ವರ್ಮ್’, ನಾಲ್ಕನೆಯದು ‘ಸ್ಟೇಬಲ್’. ವಿಭಾಗದ ಜಾಗದಲ್ಲಿ ಶಾಖೆ ಕೂತಿದ್ದರೂ ಓದಲು ತೊಂದರೆಯಿಲ್ಲ. ಕ್ರೋಮ್ ಪ್ರತಿಯಲ್ಲಿ ‘ಸ್ಟೇಬಲ್’ ಮೂರನೆಯ ಜಾಗಕ್ಕೇ ಏರಿದೆ, ಓಎಸ್ ಹೆಸರು ಮಾಯವಾಗಿದೆ, ಕೊನೆಯ ‘ಮೇನ್’ ಬರೀ ಪಾದಪೂರಣ. ಪೋಸ್ಟ್‌ಗ್ರೆಎಸ್‌ಕ್ಯುಎಲ್ ಪ್ರತಿ ‘ಬುಕ್‌ವರ್ಮ್-ಪಿಜಿಡಿಜಿ’ ಎಂದು ಸಮಾಸ ಮಾಡುತ್ತದೆ. ನೋಡ್‌ಸೋರ್ಸ್‌ನವರು ವರ್ಷಗಟ್ಟಲೆ ಓಎಸ್ ಹೆಸರಿಗೊಂದು ಎಲೆ ಹಾಕಿ, ಸಾಕಾಗಿ, 2023ರಲ್ಲಿ ಆ ಜಾಗದಲ್ಲಿ ‘ನೋಡಿಸ್ಟ್ರೋ’ ಎಂದು ಬರೆದರು. ಗಣತಿದಾರರ ಮುಂದೆ ‘ಜಾತಿ: ಇಲ್ಲ’ ಎಂದು ಬರೆಸಿದಂತೆ, ಆದರೂ ಕಲಂ ಮಾತ್ರ ಖಾಲಿ ಬಿಡಲಿಲ್ಲ.

ಕುಬರ್ನೆಟೀಸ್ ಪ್ರತಿಯ ಕತೆ ಬೇರೆ. ಅದರ ಮೂರನೆಯ ಪದ ‘ಕುಬರ್ನೆಟೀಸ್-ಝೀನಿಯಲ್’ ಎಂದಿತ್ತು. ಝೀನಿಯಲ್ ಎಂದರೆ ಉಬುಂಟು 16.04. ಮುಂದೆ 18.04 ಬಂತು, 20.04 ಬಂತು, 22.04 ಬಂತು, ಎಲ್ಲರೂ ಝೀನಿಯಲ್ ಎಂದೇ ಬರೆದುಕೊಂಡರು. ಡೆಬಿಯನ್‌ನವರೂ ಹಾಗೆಯೇ ಬರೆದುಕೊಂಡರು. 2021ರಲ್ಲಿ ಝೀನಿಯಲ್‌ನ ಸಾಮಾನ್ಯ ಬೆಂಬಲದ ಅವಧಿ ಮುಗಿದ ಮೇಲೂ ಬದಲಾಗಲಿಲ್ಲ. ಅಜ್ಜ ತೀರಿಕೊಂಡು ವರ್ಷಗಳಾದರೂ ಕರೆಂಟ್ ಬಿಲ್ ಅಜ್ಜನ ಹೆಸರಿಗೇ ಬರುವುದಿಲ್ಲವೇ, ಹಾಗೆ. ಒಳಗಿದ್ದ ಸಾಮಾನು ಎಲ್ಲ ಯಂತ್ರಕ್ಕೂ ಸರಿಹೊಂದುತ್ತಿತ್ತು. ಆದ್ದರಿಂದಲೇ ಹೆಸರನ್ನು ತಿದ್ದುವ ಗರಜು ಯಾರಿಗೂ ಬೀಳಲಿಲ್ಲ. ಕೊನೆಗೆ 2023ರಲ್ಲಿ ಹೊಸ ಉಗ್ರಾಣ ಕಟ್ಟಿದಾಗ ವಿಳಾಸದಲ್ಲಿ ಕುಬರ್ನೆಟೀಸ್‌ನ ಆವೃತ್ತಿಯನ್ನಷ್ಟೇ ಬರೆದು, ಮೂರನೆಯ ಪದದ ಜಾಗದಲ್ಲಿ ಒಂದು ‘/’ ಎಳೆದು ಕೈತೊಳೆದುಕೊಂಡರು. ವಿಳಾಸದ ಮಧ್ಯೆ ಕಾಣುವ ಒಂಟಿ ವಿಸರ್ಗದಂಥ ಚುಕ್ಕಿಗಳು ಓಪನ್ ಬಿಲ್ಡ್ ಸರ್ವಿಸ್‌ನ ಕುರುಹು. ಅದು ಸುಸೆಯವರದು. ಡೆಬ್ ಮತದ ಪ್ರಸಾದ ಆರ್‌ಪಿಎಂ ಮಠದ ಅಡುಗೆಮನೆಯಲ್ಲಿ ತಯಾರಾಗುತ್ತಿದೆ ಎಂದಾಯಿತು. ಇಬ್ಬರೂ ಇದರ ಬಗ್ಗೆ ಗಲಾಟೆ ಮಾಡದಿರುವುದು ಶ್ಲಾಘನೀಯ.

ಪೊಟ್ಟಣದ ಮೇಲಿನ ಹೆಸರಿನದೂ ಇದೇ ಪಾಡು. ಆರ್‌ಪಿಎಂ ಪೊಟ್ಟಣ ಸಾಮಾನ್ಯವಾಗಿ ಯಾವ ಓಎಸ್ ಬಿಡುಗಡೆಗೆ ಎಂದು ಸಾರುವ ‘ಇಎಲ್9’ನಂಥ ನಾಮವನ್ನು ಹಣೆಯಲ್ಲೇ ಧರಿಸಿ ಬರುತ್ತದೆ. ಡೆಬ್ ಪೊಟ್ಟಣಕ್ಕೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಬುಕ್‌ವರ್ಮ್‌ಗೆ ಕಟ್ಟಿದ್ದೂ ಟ್ರಿಕ್ಸಿಗೆ ಕಟ್ಟಿದ್ದೂ ಒಂದೇ ಹೆಸರು ಹೊತ್ತು, ಒಳಗೆ ಬೇರೆ ಬೇರೆಯಾಗಿ, ಒಂದೇ ಕೋಣೆಗೆ ಬಂದು ಡಿಕ್ಕಿ ಹೊಡೆಯುತ್ತವೆ. ಅನುಭವಸ್ಥರು ಆವೃತ್ತಿಯ ಬಾಲಕ್ಕೆ ‘~ಬುಕ್‌ವರ್ಮ್’ ಎಂದು ಕಟ್ಟಿ ಈ ಸಂಕಟ ಕಳೆದುಕೊಳ್ಳುತ್ತಾರೆ. ಡೆಬಿಯನ್‌ನ ಸ್ವಂತ ಕೋಣೆಯಲ್ಲಿ ಜೋಡಣೆ ಮೊದಲಕ್ಷರದ ಪ್ರಕಾರ. ‘ಲಿಬ್’ ಎಂದು ಶುರುವಾಗುವವು ಮಿತಿಮೀರಿದ್ದರಿಂದ ಅವಕ್ಕೆ ಮಾತ್ರ ನಾಲ್ಕನೆಯ ಅಕ್ಷರವನ್ನೂ ನೋಡುತ್ತಾರೆ. ತರಗತಿಯಲ್ಲಿ ಏಳು ಜನ ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಹಿಡಿದು ಹಾಜರಿ ಕರೆಯುವುದೂ ಇದೇ ನಿಯಮದಿಂದ.

ಉಗ್ರಾಣಗಳ ಆಯುಷ್ಯದ ಬಗ್ಗೆ ಹೆಚ್ಚು ಹೇಳುವುದು ಬೇಡ. ಬಾಡಿಗೆ ಉಗ್ರಾಣ ಬಿನ್‌ಟ್ರೇ 2021ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ರೆಡ್‌ಹ್ಯಾಟ್ ಕುಲದ ಸೆಂಟ್ಓಎಸ್ 7ರ ಕಾಲ 2024ರ ಜೂನ್ 30ಕ್ಕೆ ತೀರಿ, ಸಾಮಾನೆಲ್ಲ ‘ವಾಲ್ಟ್’ ಎಂಬ ಹಳೆಯ ಅಟ್ಟ ಸೇರಿತು. ದಾರಿ ತೋರಿಸುತ್ತಿದ್ದ ವಿಳಾಸವೂ ಹೋಯಿತು.

ಸಿದ್ಧಾಂತವಿಷ್ಟು: ವಿಳಾಸದಲ್ಲಿ ನಿಮ್ಮ ಕೈಯಲ್ಲಿರುವ ಹೆಸರುಗಳನ್ನಷ್ಟೇ ಬರೆಯಿರಿ, ಅಂದರೆ ನಿಮ್ಮ ತಂತ್ರಾಂಶದ್ದು, ಅದರ ಆವೃತ್ತಿಯದು, ಶಾಖೆಯದು. ಓಎಸ್ ಹೆಸರನ್ನು ಒಳಗಿನ ಸಾಮಾನು ನಿಜಕ್ಕೂ ಬೇರೆಯಾಗಿದ್ದಾಗ ಮಾತ್ರ ಸೇರಿಸಿ. ಒಪ್ಪದವರು ತಮ್ಮ ಸರ್ವರಿನಲ್ಲಿ ಈ ಸೂತ್ರಗಳನ್ನು ಬರೆದಿಟ್ಟ ಸೋರ್ಸಸ್ ಕಡತವನ್ನು ಒಮ್ಮೆ ತೆರೆದು ನೋಡಲಿ. ಅಲ್ಲಿ ‘ಕುಬರ್ನೆಟೀಸ್-ಝೀನಿಯಲ್’ ಎಂಬ ಸಾಲು ಇನ್ನೂ ಇದ್ದರೆ ಧಾರಾಳವಾಗಿ ಅಳಿಸಬಹುದು. ಆ ಉಗ್ರಾಣಕ್ಕೆ 2024ರಲ್ಲೇ ಬೀಗ ಬಿದ್ದಿದೆ.