ತಾರಸಿಯ ಮೇಲೊಬ್ಬ ವೈರಿ

"ಹಳೇ ಟೈರ್ ಯಾತಕ್ಕೆ ಸಾರ್?" ಎಂದು ಕೇಳಿದ ಪಂಕ್ಚರ್ ಅಂಗಡಿಯವನು.

"ಕತ್ತೀಲಿ ಹೊಡೆಯೋ ಕಂಬ ನಿಲ್ಲಿಸೋಕೆ."

ನೀರಿನಲ್ಲಿ ಅದ್ದಿದ್ದ ಟ್ಯೂಬನ್ನು ಅಲ್ಲೇ ಬಿಟ್ಟು ನನ್ನನ್ನೊಮ್ಮೆ ಅಡಿಯಿಂದ ಮುಡಿವರೆಗೆ ನೋಡಿದ. "ತಗೊಂಡೋಗಿ ಸಾರ್, ದುಡ್ಡು ಬೇಡ."

ಗಾಳಿಗೆ ಎಷ್ಟು ಬೀಸಿದರೂ ಏಟು ಎಲ್ಲಿ ಬಿತ್ತೆಂದು ಗಾಳಿ ಹೇಳುವುದಿಲ್ಲ, ಕಂಬ ಹೇಳುತ್ತದೆ. ರೋಮನ್ ಸೈನ್ಯಕ್ಕೆ ಹೊಸದಾಗಿ ಸೇರಿದ ಹುಡುಗರ ಕಂಬದ ಅಭ್ಯಾಸವನ್ನು ರೋಮನ್ ಲೇಖಕ ವೆಜೀಷಿಯಸ್ ಬರೆದಿಟ್ಟಿದ್ದಾನೆ. ಆರಡಿ ಕಂಬ, ಎರಡು ಪಟ್ಟು ತೂಕದ ಮರದ ಕತ್ತಿ, ಕಡ್ಡಿ ಹೆಣೆದ ಗುರಾಣಿ, ಬೆಳಿಗ್ಗೆ ಮಧ್ಯಾಹ್ನ ಎರಡೂ ಹೊತ್ತು ಅಭ್ಯಾಸ. ಜಪಾನಿನ ಸತ್ಸುಮಾದ ಜಿಗೆನ್-ರ್ಯೂ ಪಂಥದವರ ವಾಡಿಕೆ ಬೆಳಿಗ್ಗೆ 3000, ಸಂಜೆ 8000 ಏಟು, ಜೊತೆಗೆ ಕೋತಿಯಂಥ ಕಿರುಚಾಟ. ನಾನೂ ಕಿರುಚಿದೆ. ಭಾನುವಾರವೂ ಡ್ರಿಲ್ಲಿಂಗ್ ಮೆಷಿನ್ ಆಡಿಸುವ ಮೂರನೇ ಮಹಡಿಯವರು ಫೋನ್ ಮಾಡಿ ಶಾಂತಿಯ ಮಹತ್ವ ತಿಳಿಸಿದರು.

ಕಟ್ಟಡ ಮುಗಿದ ಜಾಗದಲ್ಲಿ ಬೇಡವಾಗಿ ಬಿದ್ದಿದ್ದ ಸರ್ವೆ ಕಂಬ, ಟೈರಿನೊಳಗೆ ಉಳಿಕೆ ಕಾಂಕ್ರೀಟು, ಮೇಲೆ ತೆಂಗಿನ ನಾರಿನ ಹಗ್ಗ. ದುಡ್ಡು ಕೊಟ್ಟಿದ್ದು ಹಗ್ಗಕ್ಕೆ ಮಾತ್ರ. ವೈರಿ ಸಿದ್ಧ.

ಮರುದಿನ ಕತ್ತಿ ಹಿಡಿದು ತಾರಸಿಗೆ ಹೋದರೆ, ವೈರಿಯ ಕೊರಳಿಂದ ನೀರಿನ ಟ್ಯಾಂಕಿನವರೆಗೆ ಹಗ್ಗ ಬಿಗಿದು ಕೆಳಮನೆಯ ಆಂಟಿ ಬಟ್ಟೆ ಹರವಿದ್ದಾರೆ. ಎರಡು ಸೀರೆ, ಅಂಕಲ್‌ರ ಪಂಚೆ, ತೊಟ್ಟಿಕ್ಕುವ ಬೆಡ್‌ಶೀಟು.

"ಪರವಾಗಿಲ್ಲಪ್ಪಾ, ಹೊಡ್ಕೋ. ಎಡಗಡೆ ಮಾತ್ರ ಬೇಡ, ಸಂಡಿಗೆ ಇದೆ."

ಹೆದರುತ್ತಲೇ ಒಂದು ಏಟು ಹಾಕಿದೆ. ಹಗ್ಗ ಝಲ್ಲೆಂದಿತು, ಬೆಡ್‌ಶೀಟಿನಿಂದ ನೀರು ಬಳಬಳ ಇಳಿಯಿತು. ಆಂಟಿಯ ಕಣ್ಣರಳಿತು. "ಇನ್ನೊಂದು ಹಾಕು ನೋಡೋಣ!" ಹಾಕಿದೆ. "ಇನ್ನೂ ಜೋರಾಗಿ! ತಿಂಡಿ ತಿಂದಿಲ್ವಾ?" ಪಂಚೆಯ ಕ್ಲಿಪ್ಪು ಹಾರಿತು, ಪಂಚೆ ನನ್ನ ತಲೆಯ ಮೇಲೆ ಬಂತು. ಪಂಚೆಯೊಳಗಿಂದಲೇ ಬೀಸಿದೆ. "ಈಗ ಸೀರೆ ಕಡೆಯಿಂದ ಬಾ" ಎಂದು ಆಂಟಿ ಸೇನಾಪತಿಯಂತೆ ಕೈ ತೋರಿಸಿದರು. ವಾಷಿಂಗ್ ಮೆಷಿನ್‌ನಲ್ಲಿ ಹಿಂಡಿದರೂ ಇಷ್ಟು ನೀರು ಹೋಗಲ್ಲವಂತೆ. ಇಷ್ಟು ಮನಸಾರೆ ನನ್ನ ಕತ್ತಿವರಸೆಯನ್ನು ಬೇರೆ ಯಾರೂ ಹೊಗಳಿಲ್ಲ.

ಆಮೇಲೊಂದು ದಿನ ಅವರ ಮೊಮ್ಮಗ ಕಂಬದ ನೆತ್ತಿಯ ಹತ್ತಿರ ಸೀಮೆಸುಣ್ಣದಲ್ಲಿ ಮುಖ ಬರೆದ. ಎರಡು ಕಣ್ಣು, ಮೀಸೆ, ಒಂದೇ ಕಿವಿ. ತಲೆಗೂ ಮುಖಕ್ಕೂ ಗುರಿಯಿಡಬೇಕೆಂದು ವೆಜೀಷಿಯಸ್ ಹೇಳಿದ್ದಾನಲ್ಲ, ಎತ್ತಿದೆ. ಕೈ ಇಳಿಯಲಿಲ್ಲ. ಹಳ್ಳಿಯಿಂದ ಬಂದ ಆ ರೋಮನ್ ಹುಡುಗರಿಗೂ ಮೊದಮೊದಲು ಹೀಗೇ ಕೈ ನಿಂತಿರಬೇಕು. ನಿಲ್ಲದಿರಲಿ ಎಂದೇ ಅಲ್ಲವೇ ಅವರ ಮುಂದೆ ಕಂಬ ನೆಟ್ಟಿದ್ದು? ಒರೆಸೋಣವೆಂದರೆ ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

ಪುಣ್ಯಕ್ಕೆ ವೆಜೀಷಿಯಸ್ ಕಾಲಿಗೂ ಹೊಡೆಯಬಹುದೆಂದಿದ್ದಾನೆ. ಈಗ ನನ್ನ ಯುದ್ಧವೆಲ್ಲ ಮಂಡಿಯಿಂದ ಕೆಳಗೆ. ಆಂಟಿಗೆ ಮಾತ್ರ ಸಮಾಧಾನವಿಲ್ಲ. ಅಷ್ಟು ಕೆಳಗೆ ಹೊಡೆದರೆ ಹಗ್ಗ ಅಲುಗುವುದಿಲ್ಲವಂತೆ.